ರೋಬೋಟ್ ಫುಟ್‌ಬಾಲ್: ಮುಗ್ಗರಿಸುವ ಯಂತ್ರದ ಹಿಂದಿನ ನಿಜವೇನು?

ವಾಟ್ಸಾಪ್‌ನಲ್ಲಿ ರೋಬೋಟ್‌ಗಳ ವಿಡಿಯೋಗೆ ಬರವಿಲ್ಲ. ಅವುಗಳಲ್ಲಿ ಮೂರು ಬಗೆಯವು ಹೆಚ್ಚು ಓಡಾಡುತ್ತವೆ. ಮೊದಲನೆಯದರಲ್ಲಿ ಮನುಷ್ಯನಂತಿರುವ ಯಂತ್ರವೊಂದು ಹಾರಿ ಗೋಲು ಹೊಡೆಯುತ್ತದೆ, ಕೆಳಗೆ "ಇನ್ನು ಐದೇ ವರ್ಷ, ಆಟಗಾರರೆಲ್ಲ ಮನೆಗೆ" ಎಂಬ ಬರಹ. ಎರಡನೆಯದರಲ್ಲಿ ರೋಬೋಟ್ ಎರಡು ಹೆಜ್ಜೆ ಇಟ್ಟು ಮುಗ್ಗರಿಸಿ ಬೀಳುತ್ತದೆ, ಕೆಳಗೆ "ಇದಕ್ಕಾ ಇಷ್ಟೊಂದು ಖರ್ಚು?" ಎಂಬ ಕುಹಕ. ಮೂರನೆಯದು ವಿಡಿಯೋ ಅಲ್ಲ, ಮನವಿ: "ನಮ್ಮೂರ ವಿದ್ಯಾರ್ಥಿಗಳು ರೋಬೋಟ್ ವಿಶ್ವಕಪ್‌ಗೆ ಆಯ್ಕೆ, ಹಣದ ಸಹಾಯ ಮಾಡಿ" ಎಂದು ಹೇಳಿ ಕೊನೆಗೊಂದು ಕ್ಯೂಆರ್ ಕೋಡ್.

ಈ ಮೂರರಲ್ಲಿ ಯಾವುದನ್ನು ನಂಬಬೇಕು? ಕೆಮ್ಮಣ್ಣು, ಕಲ್ಯಾಣಪುರ, ಮಲ್ಪೆ ಕಡೆಯ ಓದುಗರಿಗೆ ಇದು ದೂರದೇಶದ ಪ್ರಶ್ನೆಯಲ್ಲ. ಸಂತೆಕಟ್ಟೆ ದಾಟಿ ಉಡುಪಿಗೆ ಬಂದು ಇನ್ನೊಂದು ಬಸ್ಸು ಹತ್ತಿದರೆ ಮಣಿಪಾಲ. ಅಲ್ಲಿನ ಕಾಲೇಜುಗಳಲ್ಲಿ ರೋಬೋಟ್ ಕಟ್ಟುವ ಮಕ್ಕಳು ನಿಜವಾಗಿಯೂ ಇದ್ದಾರೆ. ಅವರಲ್ಲಿ ನಿಮ್ಮ ಅಣ್ಣನ ಮಗಳೋ ಪಕ್ಕದ ಮನೆಯ ಹುಡುಗನೋ ಇರಬಹುದು. ಆದ್ದರಿಂದ ಈ ಆಟ ಏನು, ಅದಕ್ಕೆ ತಯಾರಿ ಹೇಗೆ ನಡೆಯುತ್ತದೆ, ಇದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂಬುದನ್ನು ಒಂದೊಂದಾಗಿ ನೋಡೋಣ.

ಈ ಆಟ ಶುರುವಾದದ್ದು ಹೇಗೆ?

ಯಂತ್ರಗಳಿಂದ ಫುಟ್‌ಬಾಲ್ ಆಡಿಸಬೇಕು ಎಂಬ ಯೋಚನೆಯನ್ನು 1992ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ವರ್ತ್ ಮುಂದಿಟ್ಟರು. 1996ರಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಕೈಸ್ಟ್ ಸಂಸ್ಥೆಯಲ್ಲಿ ಪ್ರೊಫೆಸರ್ ಜಾಂಗ್‌ಹ್ವಾನ್ ಕಿಮ್ ಅವರ ಮುಂದಾಳತ್ವದಲ್ಲಿ ಪುಟ್ಟ ಚೌಕ ರೋಬೋಟ್‌ಗಳ ಪಂದ್ಯಾವಳಿ ನಡೆಯಿತು. ಪ್ರತಿ ರೋಬೋಟ್‌ನ ಅಳತೆ ಏಳೂವರೆ ಸೆಂಟಿಮೀಟರ್, ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು. ಇದೇ ಮುಂದೆ 'ಫಿರಾ' ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಾಯಿತು.

ಮರುವರ್ಷ, 1997ರ ಆಗಸ್ಟ್‌ನಲ್ಲಿ ಜಪಾನಿನ ನಗೋಯಾದಲ್ಲಿ ಮೊದಲ 'ರೋಬೋಕಪ್' ನಡೆಯಿತು. ಅದರ ಹಿಂದಿದ್ದವರಲ್ಲಿ ಪ್ರಮುಖರು ಹಿರೋಅಕಿ ಕಿತಾನೋ. ಅದೇ ವರ್ಷದ ಮೇ ತಿಂಗಳಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚೆಸ್ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿತ್ತು. ಚೆಸ್ ಗೆದ್ದಾಯಿತು, ಮುಂದೇನು ಎಂಬ ಪ್ರಶ್ನೆ ಎದ್ದಾಗ ವಿಜ್ಞಾನಿಗಳ ಮುಂದಿದ್ದ ಉತ್ತರಗಳಲ್ಲಿ ಫುಟ್‌ಬಾಲ್ ಒಂದು.

ಚೆಸ್‌ಗಿಂತ ಫುಟ್‌ಬಾಲ್ ಕಷ್ಟವೇ? ಯಂತ್ರಕ್ಕೆ ಖಂಡಿತ ಹೌದು. ಚೆಸ್ ಮಣೆಯಲ್ಲಿ ಎಲ್ಲ ಕಾಯಿಗಳೂ ಕಣ್ಣೆದುರೇ ಇರುತ್ತವೆ. ನಿಮ್ಮ ಸರದಿ ಬರುವವರೆಗೆ ಎದುರಾಳಿಯ ಹೊರತು ಏನೂ ಕದಲುವುದಿಲ್ಲ. ಕುದುರೆಯನ್ನು ಎತ್ತಿಟ್ಟರೆ ಇಟ್ಟಲ್ಲೇ ಇರುತ್ತದೆ, ಜಾರುವುದಿಲ್ಲ. ಫುಟ್‌ಬಾಲ್‌ನಲ್ಲಿ ಚೆಂಡು ಮರೆಯಾಗುತ್ತದೆ, ಎದುರಾಳಿ ಕಾಯುವುದಿಲ್ಲ, ಕಾಲು ಜಾರುತ್ತದೆ. ಇಷ್ಟರ ನಡುವೆ ತಂಡದವರ ಜೊತೆ ಹೊಂದಿಕೊಂಡು ಆಡಬೇಕು. ನಮಗೆ ಸುಲಭವಾದದ್ದು ಯಂತ್ರಕ್ಕೆ ಕಷ್ಟ, ನಮಗೆ ಕಷ್ಟವಾದದ್ದು ಯಂತ್ರಕ್ಕೆ ಸುಲಭ. ರೋಬೋಟ್ ಬಗೆಗಿನ ಯಾವ ಸುದ್ದಿ ಬಂದರೂ ಈ ಒಂದು ಮಾತು ನೆನಪಿನಲ್ಲಿಡಿ.

ನಂಬಿಕೆ 1: "ಯಾರೋ ಹಿಂದೆ ನಿಂತು ರಿಮೋಟ್ ಒತ್ತುತ್ತಾರೆ"

ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗೊಂದಲಕ್ಕೆ ಕಾರಣ ಹೆಸರು. ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ 'ರೋಬೋ ಸಾಕರ್' ಎಂಬ ಸ್ಪರ್ಧೆ ಸಾಮಾನ್ಯ. ಅದರಲ್ಲಿ ಹೆಚ್ಚಿನ ಕಡೆ ವಿದ್ಯಾರ್ಥಿಗಳೇ ರಿಮೋಟ್ ಹಿಡಿದು ಚಕ್ರದ ಗಾಡಿಯನ್ನು ಓಡಿಸಿ ಚೆಂಡನ್ನು ಗೋಲಿಗೆ ತಳ್ಳುತ್ತಾರೆ. ಮೋಟಾರು, ಗೇರು, ವೈರಿಂಗ್ ಕಲಿಯಲು ಇದು ಒಳ್ಳೆಯ ದಾರಿ. ಆದರೆ ಅಲ್ಲಿ ಆಡುವ ಬುದ್ಧಿ ಮನುಷ್ಯನದು.

ರೋಬೋಕಪ್‌ನ ಫುಟ್‌ಬಾಲ್‌ನಲ್ಲಿ ಹಾಗಿಲ್ಲ. ಸೀಟಿ ಊದಿದ ಮೇಲೆ ವಿದ್ಯಾರ್ಥಿಗಳು ಕೈಕಟ್ಟಿ ನಿಲ್ಲಬೇಕು. ಚೆಂಡು ಎಲ್ಲಿದೆ, ಯಾರಿಗೆ ಪಾಸ್ ಕೊಡಬೇಕು, ಯಾವಾಗ ಒದೆಯಬೇಕು ಎಂಬುದನ್ನು ಅವರು ಮೊದಲೇ ಬರೆದಿಟ್ಟ ಪ್ರೋಗ್ರಾಂ ತೀರ್ಮಾನಿಸುತ್ತದೆ. ಆಟದ ನಡುವೆ ತಪ್ಪಾದರೆ ನೋಡುತ್ತ ನಿಲ್ಲುವುದೇ ಗತಿ. ಟೈಮ್ ಔಟ್ ಸಿಕ್ಕಾಗ ಲ್ಯಾಪ್‌ಟಾಪ್ ತೆರೆದು ಗಡಿಬಿಡಿಯಲ್ಲಿ ಸರಿಪಡಿಸಬಹುದು, ಅಷ್ಟೇ.

ಇವೆರಡರ ನಡುವೆ ನಿಲ್ಲುವುದು 'ರೋಬೋಕಾನ್'. ಏಷ್ಯಾ ಪೆಸಿಫಿಕ್ ಪ್ರಸಾರ ಒಕ್ಕೂಟ 2002ರಲ್ಲಿ ಟೋಕಿಯೋದಲ್ಲಿ ಆರಂಭಿಸಿದ ಈ ಸ್ಪರ್ಧೆಯಲ್ಲಿ ವರ್ಷಕ್ಕೊಂದು ಹೊಸ ಆಟ. ಕೆಲವು ರೋಬೋಟ್‌ಗಳನ್ನು ಮನುಷ್ಯರು ನಡೆಸಬಹುದು, ಕೆಲವು ತಾವೇ ಆಡಬೇಕು. ಆತಿಥ್ಯ ವಹಿಸುವ ದೇಶ ತನ್ನ ಆಟವನ್ನೇ ಕೊಡುವುದು ಇದರ ಸೊಗಸು. 2008ರಲ್ಲಿ ಪುಣೆಯಲ್ಲಿ ನಡೆದಾಗ ವಿಷಯ 'ಗೋವಿಂದ', ಅಂದರೆ ಉಡುಪಿಯ ವಿಟ್ಲಪಿಂಡಿಯಲ್ಲಿ ನಾವು ಕಾಣುವ ಮೊಸರು ಕುಡಿಕೆಯ ಆಟ. 2022ರಲ್ಲಿ ದೆಹಲಿಯಲ್ಲಿ ನಡೆದಾಗ ವಿಷಯ 'ಲಗೋರಿ'. 2025ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಬ್ಯಾಸ್ಕೆಟ್‌ಬಾಲ್.

ಆದ್ದರಿಂದ "ರೋಬೋಟ್ ಆಡಿತು" ಎಂಬ ಸುದ್ದಿ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ತಾನೇ ಆಡಿತೋ, ಯಾರಾದರೂ ಆಡಿಸಿದರೋ?

ಒಂದು ಸೆಕೆಂಡಿನೊಳಗೆ ಏನೇನು ನಡೆಯುತ್ತದೆ?

ರೋಬೋಕಪ್‌ನಲ್ಲಿ ಹಲವು ವಿಭಾಗಗಳಿವೆ. ಅರ್ಥಮಾಡಿಕೊಳ್ಳಲು ಸುಲಭವಾದದ್ದು 'ಸ್ಮಾಲ್ ಸೈಜ್' ವಿಭಾಗ. ರೋಬೋಟ್ 18 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಮೀರಬಾರದು. ಅಡುಗೆಮನೆಯ ಸಣ್ಣ ಡಬ್ಬಿಯಷ್ಟು. ಚೆಂಡು ಕಿತ್ತಳೆ ಬಣ್ಣದ ಗಾಲ್ಫ್ ಚೆಂಡು. ಈ ವಿಭಾಗದ ಎರಡನೇ ಹಂತದ ಪಂದ್ಯಕ್ಕೆ 9 ಮೀಟರ್ ಉದ್ದ, 6 ಮೀಟರ್ ಅಗಲದ ಅಂಗಣ, ತಂಡಕ್ಕೆ ಆರು ರೋಬೋಟ್.

ಅಂಗಣದ ಮೇಲೆ ಕ್ಯಾಮೆರಾಗಳು ತೂಗಿರುತ್ತವೆ. ಪ್ರತಿ ರೋಬೋಟ್‌ನ ನೆತ್ತಿಯ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ. ಆ ಚುಕ್ಕೆಗಳನ್ನು ನೋಡಿ ಯಾವುದು ಯಾರ ರೋಬೋಟ್, ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಕಂಪ್ಯೂಟರ್ ಗುರುತಿಸುತ್ತದೆ. ತಂಡದ ಕಂಪ್ಯೂಟರ್ ಆ ಮಾಹಿತಿ ಪಡೆದು ತಂತ್ರ ಹೂಡುತ್ತದೆ, ವೈರ್‌ಲೆಸ್ ಮೂಲಕ ಆರೂ ರೋಬೋಟ್‌ಗಳಿಗೆ ಅಪ್ಪಣೆ ಕಳಿಸುತ್ತದೆ. ಮುಂದಿನ ಚಿತ್ರ ಬಂದೊಡನೆ ಮತ್ತೆ ಮೊದಲಿನಿಂದ.

ಕೇಳಲು ಸರಳ. ತೊಡಕಿರುವುದು ವೇಗದಲ್ಲಿ. ನಿಯಮದ ಪ್ರಕಾರ ಚೆಂಡನ್ನು ಸೆಕೆಂಡಿಗೆ 6.5 ಮೀಟರ್ ವೇಗದವರೆಗೆ ಒದೆಯಬಹುದು. ಕ್ಯಾಮೆರಾ ಸೆಕೆಂಡಿಗೆ 60 ಚಿತ್ರ ತೆಗೆಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಚೆಂಡು ಸುಮಾರು 11 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಚಿತ್ರ ತೆಗೆದು, ಲೆಕ್ಕ ಹಾಕಿ, ಅಪ್ಪಣೆ ತಲುಪಿ, ಚಕ್ರ ತಿರುಗುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದರೆ ಚೆಂಡು 65 ಸೆಂಟಿಮೀಟರ್ ದೂರ ಹೋಗಿಬಿಟ್ಟಿರುತ್ತದೆ. ಅಂದರೆ ರೋಬೋಟ್ ಯಾವಾಗಲೂ ಹಳೆಯ ಸುದ್ದಿಯನ್ನು ನೋಡುತ್ತಿರುತ್ತದೆ. ಚೆಂಡು ಕಂಡಲ್ಲಿಗೆ ಓಡಿದರೆ ಚೆಂಡು ಅಲ್ಲಿರುವುದಿಲ್ಲ.

ಇದಕ್ಕೆ ಪರಿಹಾರ ಅಂದಾಜು. ಹೆದ್ದಾರಿ 66 ದಾಟುವಾಗ ನಾವೂ ಇದನ್ನೇ ಮಾಡುತ್ತೇವೆ. ದೂರದ ಬಸ್ಸನ್ನು ಒಮ್ಮೆ ನೋಡಿ, ಅರೆಕ್ಷಣ ಬಿಟ್ಟು ಇನ್ನೊಮ್ಮೆ ನೋಡಿ, ಎಷ್ಟು ಹೊತ್ತಿಗೆ ಹತ್ತಿರ ಬರುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇವೆ. ರೋಬೋಟ್ ಕೂಡ ಹಿಂದಿನ ಕೆಲವು ಚಿತ್ರಗಳಿಂದ ಚೆಂಡಿನ ವೇಗ, ದಿಕ್ಕು ಹಿಡಿದು ಮುಂದೆ ಎಲ್ಲಿರಬಹುದೆಂದು ಊಹಿಸುತ್ತದೆ. ಹೊಸ ಚಿತ್ರ ಬಂದಾಗ ಊಹೆಯನ್ನು ತಿದ್ದಿಕೊಳ್ಳುತ್ತದೆ. ಹೀಗೆ ಊಹಿಸಿ ತಿದ್ದುವ ಗಣಿತದ ವಿಧಾನಗಳಲ್ಲಿ ಹೆಸರಾದದ್ದು 'ಕಾಲ್ಮನ್ ಫಿಲ್ಟರ್'. ನಿಮ್ಮ ಫೋನಿನ ಮ್ಯಾಪ್‌ನಲ್ಲಿ ನೀಲಿ ಚುಕ್ಕೆ ನೆಗೆದಾಡದೆ ರಸ್ತೆಯ ಮೇಲೆ ಸರಾಗವಾಗಿ ಸಾಗುವುದರ ಹಿಂದೆ ಇರುವುದೂ ಇದೇ ಬಗೆಯ ಗಣಿತ.

ಈ ರೋಬೋಟ್‌ಗಳ ಚಕ್ರವೂ ವಿಶೇಷ. ಚಕ್ರದ ಅಂಚಿನ ಸುತ್ತ ಅಡ್ಡಡ್ಡಲಾಗಿ ಸಣ್ಣ ಉರುಳೆಗಳಿರುತ್ತವೆ. ಹಾಗಾಗಿ ಮುಖ ತಿರುಗಿಸದೆ ಕಡಲತೀರದ ಏಡಿಯ ಹಾಗೆ ಪಕ್ಕಕ್ಕೂ ಓಡಬಲ್ಲವು. ಚೆಂಡು ಒದೆಯಲು ಕಾಲಿಲ್ಲ. ತಂತಿ ಸುರುಳಿಯೊಳಗಿನ ಕಬ್ಬಿಣದ ಸರಳು ವಿದ್ಯುತ್ ಹರಿದೊಡನೆ ಮುಂದಕ್ಕೆ ಚಿಮ್ಮಿ ಚೆಂಡಿಗೆ ಬಡಿಯುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತನ್ನು ಕೆಪಾಸಿಟರ್‌ನಲ್ಲಿ ತುಂಬಿಡುತ್ತಾರೆ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಅದನ್ನು ಖಾಲಿ ಮಾಡದೆ ಒಳಗೆ ಕೈ ಹಾಕಬಾರದು ಎಂಬುದು ಇಂಥ ತಂಡಕ್ಕೆ ಸೇರುವ ಹೊಸಬರು ಮೊದಲು ಕಲಿಯಬೇಕಾದ ಪಾಠಗಳಲ್ಲೊಂದು.

ನಂಬಿಕೆ 2: "ಬೀಳುವ ರೋಬೋಟ್ ದಡ್ಡ ರೋಬೋಟ್"

ಎರಡು ಕಾಲಿನ ರೋಬೋಟ್‌ಗಳ ವಿಭಾಗಕ್ಕೆ ಬಂದರೆ ಕಷ್ಟ ಇನ್ನೊಂದು ಬಗೆಯದು. ಇಲ್ಲಿ ಮೇಲೆ ಕ್ಯಾಮೆರಾ ಇಲ್ಲ. ರೋಬೋಟ್ ತನ್ನ ಕಣ್ಣಲ್ಲೇ ನೋಡಬೇಕು, ತನ್ನ ತಲೆಯಲ್ಲೇ ಯೋಚಿಸಬೇಕು. ನಡೆಯುತ್ತಿರುವ ಯಂತ್ರದ ಕ್ಯಾಮೆರಾ ಅಲುಗಾಡುತ್ತದೆ. ಚೆಂಡು ಬಹುಪಾಲು ಬಿಳಿ, ಅಂಗಣದ ಗೆರೆಯೂ ಬಿಳಿ, ಗೋಲು ಕಂಬವೂ ಬಿಳಿ. ಯಾವುದು ಯಾವುದು?

ಇದು ಯಂತ್ರಗಳಿಗೆ ಎಷ್ಟು ದೊಡ್ಡ ಸಮಸ್ಯೆ ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ಇದೆ. 2020ರ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ ತಂಡದ ಪಂದ್ಯವೊಂದನ್ನು ಚೆಂಡನ್ನು ತಾನೇ ಹಿಂಬಾಲಿಸುವ ಕ್ಯಾಮೆರಾ ಪ್ರಸಾರ ಮಾಡುತ್ತಿತ್ತು. ಅದು ಮತ್ತೆ ಮತ್ತೆ ಆಟ ಬಿಟ್ಟು ಲೈನ್ಸ್‌ಮನ್‌ನ ಬೋಳುತಲೆಯ ಕಡೆ ತಿರುಗಿತು. ಯಂತ್ರಕ್ಕೆ ಅದೇ ಚೆಂಡಾಗಿ ಕಂಡಿತ್ತು!

ಇನ್ನು ಕಾಲಿನ ಕತೆ. ಚೆಂಡು ಒದೆಯುವಾಗ ಒಂದು ಕಾಲು ಗಾಳಿಯಲ್ಲಿ, ಇಡೀ ದೇಹದ ಭಾರ ಇನ್ನೊಂದು ಪಾದದ ಮೇಲೆ. ಮನುಷ್ಯನಿಗೆ ಒಳಗಿವಿ, ಕಣ್ಣು, ಕಾಲಿನ ಸ್ನಾಯು ಮೂರೂ ಸೇರಿ ಸಮತೋಲ ಹಿಡಿದುಕೊಡುತ್ತವೆ. ಮಗು ಅದನ್ನು ಕಲಿಯಲು ಒಂದು ವರ್ಷದ ಹತ್ತಿರ ಬೀಳುತ್ತ ಏಳುತ್ತ ಇರುತ್ತದೆ. ರೋಬೋಟ್‌ಗೆ ಪ್ರತಿ ಕೀಲಿನ ಮೋಟಾರಿಗೂ ಕ್ಷಣಕ್ಷಣಕ್ಕೆ ಲೆಕ್ಕ ಒಪ್ಪಿಸಬೇಕು. ಕೃತಕ ಹುಲ್ಲಿನ ಎಳೆ ಪಾದಕ್ಕೆ ಸಿಕ್ಕಿದರೆ ಆ ಲೆಕ್ಕ ತಪ್ಪುತ್ತದೆ. ನಮ್ಮೂರಿನ ಕೆಸರುಗದ್ದೆ ಆಟಕ್ಕೆ ಇಳಿಸಿದರಂತೂ ಇವತ್ತಿನ ಯಾವ ರೋಬೋಟ್ ತಂಡವೂ ಮೊದಲ ನಿಮಿಷ ದಾಟುವುದು ಅನುಮಾನ.

2025ರ ಜೂನ್ 28ರಂದು ಬೀಜಿಂಗ್‌ನಲ್ಲಿ ಮೂವರು ಮೂವರ ಹುಮನಾಯ್ಡ್ ಪಂದ್ಯಗಳು ನಡೆದವು. ಮನುಷ್ಯರ ಸಹಾಯವಿಲ್ಲದೆ ಆಡಿದ ರೋಬೋಟ್‌ಗಳಲ್ಲಿ ಸಿಂಗುವಾ ವಿಶ್ವವಿದ್ಯಾಲಯದ ತಂಡ ಚೀನಾ ಕೃಷಿ ವಿಶ್ವವಿದ್ಯಾಲಯದ ತಂಡವನ್ನು ಫೈನಲ್‌ನಲ್ಲಿ 5-3ರಿಂದ ಸೋಲಿಸಿತು. ಬಿದ್ದು ಏಳಲಾಗದ ರೋಬೋಟ್‌ಗಳನ್ನು ಸ್ಟ್ರೆಚರ್‌ನಲ್ಲಿ ಹೊತ್ತೊಯ್ದ ದೃಶ್ಯ ನಮ್ಮಲ್ಲೂ ಸಾಕಷ್ಟು ಹರಿದಾಡಿತು. ನಕ್ಕವರೇ ಹೆಚ್ಚು. ಆದರೆ ಗಮನಿಸಿ, ಅವುಗಳಲ್ಲಿ ಅನೇಕ ಸಲ ಬಿದ್ದವು ತಾವಾಗಿಯೇ ಎದ್ದು ಮತ್ತೆ ಚೆಂಡಿನ ಕಡೆ ನಡೆದವು. ಹಾಗೆ ಏಳುವುದನ್ನು ಕಲಿಸುವುದೇ ದೊಡ್ಡ ಕೆಲಸ.

ಹಾಗಾದರೆ ಒಂದೂ ತಪ್ಪಿಲ್ಲದೆ ಪಲ್ಟಿ ಹೊಡೆಯುವ ವಿಡಿಯೋಗಳು? ಕೆಲವು ನಿಜ, ಆದರೆ ಹಲವು ಬಾರಿ ಪ್ರಯತ್ನಿಸಿ ಸರಿಬಂದದ್ದನ್ನು ಮಾತ್ರ ತೋರಿಸುತ್ತಾರೆ. ಕೆಲವು ಪೂರ್ತಿ ಗ್ರಾಫಿಕ್ಸ್. 2019ರಲ್ಲಿ ರೋಬೋಟ್ ಒಂದು ತನ್ನನ್ನು ಹೊಡೆಯುವವರ ಮೇಲೆ ತಿರುಗಿಬೀಳುವ ವಿಡಿಯೋ ಜಗತ್ತಿನಾದ್ಯಂತ ಓಡಿತು. ಅದು ಅಮೆರಿಕದ ಕಾರಿಡಾರ್ ಡಿಜಿಟಲ್ ಎಂಬ ವಿಡಿಯೋ ಸಂಸ್ಥೆ ತಮಾಷೆಗೆ ಮಾಡಿದ್ದು. ಅದರಲ್ಲಿ 'ಬಾಸ್ಟನ್ ಡೈನಮಿಕ್ಸ್' ಎಂದಿರಬೇಕಾದಲ್ಲಿ 'ಬಾಸ್‌ಟೌನ್ ಡೈನಮಿಕ್ಸ್' ಎಂದು ಬರೆದಿತ್ತು. ಫಾರ್ವರ್ಡ್ ಆಗುವಾಗ ಆ ಹೆಸರನ್ನು ಕತ್ತರಿಸಿದ ತುಣುಕುಗಳೇ ಹೆಚ್ಚು ಓಡಿದವು.

ನಿಜವಾದ ರೋಬೋಟ್ ಆಟದಲ್ಲಿ ಬೀಳುವುದು, ತಡವರಿಸುವುದು, ಸುಮ್ಮನೆ ನಿಂತುಬಿಡುವುದು ಎಲ್ಲ ಇರುತ್ತದೆ. ಬಿದ್ದದ್ದನ್ನು ಮುಚ್ಚಿಡದೆ ತೋರಿಸುವ ವಿಡಿಯೋವನ್ನು ನಂಬುವುದೇ ಮೇಲು.

ನಂಬಿಕೆ 3: "ಇದೆಲ್ಲ ದೊಡ್ಡ ಊರಿನ, ದೊಡ್ಡ ಕಾಲೇಜಿನ ಮಕ್ಕಳಿಗೆ"

ಐಐಟಿ ಖರಗ್‌ಪುರದ ವಿದ್ಯಾರ್ಥಿ ತಂಡ ಫಿರಾ ಮತ್ತು ರೋಬೋಕಪ್ ಎರಡರಲ್ಲೂ ಆಡಿದೆ ಎಂಬುದು ನಿಜ. ಆದರೆ ನಮ್ಮ ಕರಾವಳಿ ಹಿಂದೆ ಬಿದ್ದಿಲ್ಲ. 1957ರಲ್ಲಿ ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಮಣಿಪಾಲದ ತಾಂತ್ರಿಕ ಕಾಲೇಜಿನಲ್ಲಿ, ಅಂದರೆ ಎಂಐಟಿಯಲ್ಲಿ, 'ರೋಬೋಮಣಿಪಾಲ್' ಎಂಬ ವಿದ್ಯಾರ್ಥಿ ತಂಡ ರೋಬೋಕಾನ್‌ನಂಥ ಸ್ಪರ್ಧೆಗಳಿಗೆ ರೋಬೋಟ್ ಕಟ್ಟುತ್ತ ಬಂದಿದೆ. ಅಲ್ಲಿಯದೇ 'ಪ್ರಾಜೆಕ್ಟ್ ಮಾನಸ್' ತಂಡ ಚಾಲಕನಿಲ್ಲದ ವಾಹನದ ಕೆಲಸ ಮಾಡುತ್ತ ಅಮೆರಿಕದ ಮಿಷಿಗನ್‌ನಲ್ಲಿ ನಡೆಯುವ ಐಜಿವಿಸಿ ಸ್ಪರ್ಧೆಗೆ ಹೋಗಿದೆ. ಕಾರ್ಕಳ ತಾಲೂಕಿನ ನಿಟ್ಟೆ, ಉಡುಪಿ ಹತ್ತಿರದ ಬಂಟಕಲ್ಲು ಹೀಗೆ ಇಂಜಿನಿಯರಿಂಗ್ ಕಾಲೇಜುಗಳು ಬಸ್ಸು ಹತ್ತಿ ಹೋಗುವ ದೂರದಲ್ಲೇ ಇವೆ.

ದುಡ್ಡಿಲ್ಲದ ತಂಡಕ್ಕೂ ಒಂದು ಬಾಗಿಲು ತೆರೆದಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ರೋಬೋಕಪ್‌ನಲ್ಲಿ 'ಸಿಮ್ಯುಲೇಷನ್' ವಿಭಾಗವಿದೆ. ಅಲ್ಲಿ ರೋಬೋಟೇ ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಹನ್ನೊಂದು ಹನ್ನೊಂದು ಆಟಗಾರರು ಆಡುತ್ತಾರೆ. ಪ್ರತಿ ಆಟಗಾರನೂ ಒಂದು ಪ್ರತ್ಯೇಕ ಪ್ರೋಗ್ರಾಂ. ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಲ್ಯಾಪ್‌ಟಾಪ್, ತಾಳ್ಮೆ ಇದ್ದರೆ ಪಾಸ್ ಕೊಡುವ ತಂತ್ರವನ್ನು ಇವತ್ತೇ ಕಲಿಯಲು ಶುರುಮಾಡಬಹುದು.

ಶಾಲೆಯ ಮಕ್ಕಳಿಗೆ 'ರೋಬೋಕಪ್ ಜೂನಿಯರ್' ಇದೆ, ವಯಸ್ಸಿನ ಮಿತಿ 19. ಕೇಂದ್ರ ಸರಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳು ಸೆನ್ಸರ್, ಮೋಟಾರು, ತ್ರೀಡಿ ಪ್ರಿಂಟರ್ ಮುಟ್ಟಿ ಕಲಿಯಲೆಂದೇ ಅದು ಇರುವುದು. ನಿಮ್ಮ ಮಕ್ಕಳ ಶಾಲೆಯಲ್ಲಿ ಆ ಲ್ಯಾಬ್ ಇದೆಯೇ, ಇದ್ದರೆ ಅದರ ಬಾಗಿಲು ತೆರೆಯುತ್ತದೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಬಹುದು.

ತಯಾರಿ ಎಂದರೆ ಏನು?

ಅಂತರರಾಷ್ಟ್ರೀಯ ಪಂದ್ಯಕ್ಕೆ "ಆಯ್ಕೆ" ಎಂದರೆ ಯಾರೋ ಪತ್ರ ಬರೆದು ಕರೆಯುವುದಲ್ಲ. ರೋಬೋಕಪ್‌ನ ಪ್ರಮುಖ ವಿಭಾಗಗಳಲ್ಲಿ ತಂಡವೇ ಅರ್ಜಿ ಹಾಕಬೇಕು. ತನ್ನ ರೋಬೋಟ್ ಹೇಗೆ ಕೆಲಸ ಮಾಡುತ್ತದೆ, ಹೊಸದಾಗಿ ಏನು ಮಾಡಿದ್ದೇವೆ ಎಂದು ವಿವರಿಸುವ ಬರಹ ಸಲ್ಲಿಸಬೇಕು. ಅದಕ್ಕೆ 'ತಂಡದ ವಿವರಣಾ ಪತ್ರ' ಎನ್ನಬಹುದು. ಸ್ಮಾಲ್ ಸೈಜ್‌ನಂಥ ವಿಭಾಗದಲ್ಲಿ ರೋಬೋಟ್ ಆಡುವ ವಿಡಿಯೋವನ್ನೂ ಕೊಡಬೇಕು. ಅದನ್ನು ಪರಿಶೀಲಿಸಿದ ಮೇಲೆ ಅರ್ಹತೆ ಸಿಗುತ್ತದೆ. ಆ ಬರಹಗಳು ಬಹಿರಂಗವಾಗಿ ಪ್ರಕಟವಾಗುವುದರಿಂದ ಒಂದು ತಂಡ ಕಲಿತದ್ದನ್ನು ಮುಂದಿನ ವರ್ಷ ಎಲ್ಲರೂ ಬಳಸಿಕೊಳ್ಳುತ್ತಾರೆ.

ಆಮೇಲಿನದು ಪರೀಕ್ಷೆ, ರಿಪೇರಿ, ಮತ್ತೆ ಪರೀಕ್ಷೆ. ಲ್ಯಾಬಿನ ಟ್ಯೂಬ್‌ಲೈಟಿನಲ್ಲಿ ಸರಿಯಾಗಿ ಬಣ್ಣ ಗುರುತಿಸಿದ ಕ್ಯಾಮೆರಾ ಪಂದ್ಯದ ಸಭಾಂಗಣದ ಬೆಳಕಿನಲ್ಲಿ ಕಕ್ಕಾಬಿಕ್ಕಿಯಾಗಬಹುದು. ನೆಲ ಬದಲಾದರೆ ಚಕ್ರದ ಹಿಡಿತ ಬದಲು. ಕರಾವಳಿಯ ತೇವ, ಉಪ್ಪುಗಾಳಿ ಲೋಹದ ಕನೆಕ್ಟರ್‌ಗಳಿಗೆ ಶತ್ರು. ಮಳೆಗಾಲದಲ್ಲಿ ಮನೆಯ ಟಾರ್ಚಿನ ಸ್ಪ್ರಿಂಗ್ ತುಕ್ಕು ಹಿಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ರೋಬೋಟ್ ನಿಂತುಹೋದರೆ ಪ್ರೋಗ್ರಾಂ ತಪ್ಪಿದೆಯೇ, ಸಡಿಲವಾದ ವೈರೇ ಎಂದು ಹುಡುಕುವುದರಲ್ಲೇ ಅರ್ಧ ರಾತ್ರಿ ಕಳೆಯುತ್ತದೆ.

ಪ್ರಯಾಣದಲ್ಲಿ ಇನ್ನೊಂದು ತೊಡಕು: ಬ್ಯಾಟರಿ. ಲಿಥಿಯಂ ಬ್ಯಾಟರಿ ಜಖಂ ಆದರೆ ಬೆಂಕಿ ಹೊತ್ತಿಕೊಳ್ಳಬಹುದು. ಹಾಗಾಗಿ ಬಿಡಿ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು, ಲಗೇಜಿಗೆ ಹಾಕುವಂತಿಲ್ಲ. ಪ್ರತಿ ಬ್ಯಾಟರಿ 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕಿಂತ ಹೆಚ್ಚಾದರೆ ಪ್ರಯಾಣಿಕರು ಒಯ್ಯುವಂತಿಲ್ಲ. ಲೆಕ್ಕ ಸುಲಭ: ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿ. 14.8 ವೋಲ್ಟ್, 2.2 ಆಂಪಿಯರ್-ಅವರ್ ಇದ್ದರೆ ಸುಮಾರು 32.6. ನಿಮ್ಮ 20,000 ಎಂಎಎಚ್ ಪವರ್ ಬ್ಯಾಂಕ್ 3.7 ವೋಲ್ಟ್ ಲೆಕ್ಕದಲ್ಲಿ 74. ಗಲ್ಫ್‌ಗೆ ಹೋಗುವ ಮನೆಯವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಮಾತು: ಫೋನಿನದಾಗಲಿ ರೋಬೋಟಿನದಾಗಲಿ, ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ.

ನಂಬಿಕೆ 4: "ಆಟ ಆಡಿಸಿ ಏನು ಪ್ರಯೋಜನ?"

ಈ ಪ್ರಶ್ನೆಗೆ ಎರಡು ಉದಾಹರಣೆ ಸಾಕು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 1999ರಿಂದ 2003ರ ನಡುವೆ ಸ್ಮಾಲ್ ಸೈಜ್ ವಿಭಾಗವನ್ನು ನಾಲ್ಕು ಸಲ ಗೆದ್ದಿತು. ಆ ತಂಡದ ಮಾರ್ಗದರ್ಶಕ ರಫಾಯೆಲೋ ಡಿ ಆಂಡ್ರಿಯಾ ಮುಂದೆ 'ಕೀವಾ ಸಿಸ್ಟಮ್ಸ್' ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು. ಗೋದಾಮಿನಲ್ಲಿ ಸರಕಿನ ಕಪಾಟುಗಳನ್ನು ಹೊತ್ತು, ಒಂದಕ್ಕೊಂದು ಡಿಕ್ಕಿ ಹೊಡೆಯದೆ ಓಡಾಡುವ ನೂರಾರು ರೋಬೋಟ್‌ಗಳು ಅವರದು. 2012ರಲ್ಲಿ ಅಮೆಜಾನ್ ಆ ಕಂಪನಿಯನ್ನು 77.5 ಕೋಟಿ ಡಾಲರಿಗೆ ಕೊಂಡಿತು. ಹಲವು ರೋಬೋಟ್‌ಗಳು ಒಂದೇ ಅಂಗಣದಲ್ಲಿ ಹೊಂದಿಕೊಂಡು ಓಡುವುದು ಫುಟ್‌ಬಾಲ್‌ಗೂ ಬೇಕು, ಗೋದಾಮಿಗೂ ಬೇಕು.

ಎರಡನೆಯದು ಜೀವ ಉಳಿಸುವ ಕೆಲಸ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭಾರಿ ಭೂಕಂಪವಾಯಿತು. ಅವಶೇಷಗಳೊಳಗೆ ಹೋಗಿ ಹುಡುಕಬಲ್ಲ ಯಂತ್ರಗಳು ಬೇಕು ಎಂಬ ಅರಿವಿನಿಂದ ರೋಬೋಕಪ್‌ನಲ್ಲಿ ಫುಟ್‌ಬಾಲ್ ಜೊತೆಗೆ 'ರಕ್ಷಣಾ' ವಿಭಾಗವೂ ಹುಟ್ಟಿತು. ಅಂಥ ಸ್ಪರ್ಧೆಗಳಲ್ಲಿ ಪಳಗಿದ 'ಕ್ವಿನ್ಸ್' ಎಂಬ ರೋಬೋಟ್ 2011ರಲ್ಲಿ ಫುಕುಶಿಮಾ ಅಣುಸ್ಥಾವರದೊಳಗೆ, ಮನುಷ್ಯರು ಹೋಗಲಾಗದ ಕಡೆ ಹೋಗಿ ವಿಕಿರಣ ಅಳೆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದರ ಕೇಬಲ್ ತುಂಡಾಗಿ ಅಲ್ಲೇ ಉಳಿಯಿತು. ಸಂಪರ್ಕ ಕಡಿದಾಗ ಏನು ಮಾಡಬೇಕೆಂದು ಯಂತ್ರ ತಾನೇ ತೀರ್ಮಾನಿಸಬಲ್ಲದೇ ಎಂಬುದು ಎಷ್ಟು ಮುಖ್ಯವೆಂದು ಅದರಿಂದ ತಿಳಿಯಿತು.

ನಮಗೆ ಇದು ಇನ್ನೂ ಹತ್ತಿರದ್ದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಲಾರಿಯೊಂದಿಗೆ ಕಾಣೆಯಾದ ಚಾಲಕನ ಹುಡುಕಾಟದಲ್ಲಿ ಮಲ್ಪೆಯ ಮುಳುಗುತಜ್ಞ ಈಶ್ವರ್ ಮಲ್ಪೆ ತುಂಬಿ ಹರಿಯುವ ಗಂಗಾವಳಿ ನದಿಗೆ ಜೀವದ ಹಂಗು ತೊರೆದು ಇಳಿದದ್ದನ್ನು ನಾವೆಲ್ಲ ಫೋನಿನಲ್ಲೇ ನೋಡಿದೆವು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಹೂಳೆತ್ತುವ ಯಂತ್ರ ತಂದ ಮೇಲೆ. ರಭಸದ ಕೆಸರುನೀರಿನಲ್ಲಿ ಮನುಷ್ಯನ ಬದಲು ಇಳಿಯಬಲ್ಲ ಯಂತ್ರ ಮಾಡುವುದು ಸುಲಭವಲ್ಲ. ಕ್ಯಾಮೆರಾಕ್ಕೆ ಏನೂ ಕಾಣದು, ವೈರ್‌ಲೆಸ್ ಸಿಗ್ನಲ್ ನೀರಿನೊಳಗೆ ದೂರ ಹೋಗದು, ಸೆಳೆತ ನಿಲ್ಲಗೊಡದು. ಮಸುಕಾದ ಮಾಹಿತಿಯಿಂದ ಊಹಿಸುವುದು, ತಪ್ಪನ್ನು ತಿದ್ದಿಕೊಳ್ಳುವುದು, ಅಪ್ಪಣೆ ಬಾರದಿದ್ದರೂ ಕೆಲಸ ಮುಂದುವರಿಸುವುದು: ಆ ಯಂತ್ರಕ್ಕೆ ಬೇಕಾದ ಈ ಗುಣಗಳನ್ನೇ ವಿದ್ಯಾರ್ಥಿಗಳು ಫುಟ್‌ಬಾಲ್ ನೆಪದಲ್ಲಿ ಕಲಿಯುವುದು. ಇಲ್ಲಿ ಸೋತರೆ ಒಂದು ಗೋಲು ಹೋಗುತ್ತದೆ ಅಷ್ಟೇ. ತಪ್ಪು ಮಾಡಿ ಕಲಿಯಲು ಆಟಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಂಬಿಕೆ 5: "ರೋಬೋಟ್‌ಗಳು ಇನ್ನೇನು ವಿಶ್ವಕಪ್ ಗೆಲ್ಲುತ್ತವೆ"

ರೋಬೋಕಪ್ ತಾನೇ ಇಟ್ಟುಕೊಂಡ ಗುರಿ 2050. ಆ ಹೊತ್ತಿಗೆ ಹುಮನಾಯ್ಡ್ ತಂಡವೊಂದು ಫಿಫಾ ನಿಯಮದಂತೆಯೇ ಆಡಿ ಆಗಿನ ಮನುಷ್ಯರ ವಿಶ್ವಕಪ್ ವಿಜೇತರನ್ನು ಸೋಲಿಸಬೇಕು. ಇದು ಗುರಿ, ಭವಿಷ್ಯವಾಣಿ ಅಲ್ಲ. ಇವತ್ತು ಹುಮನಾಯ್ಡ್ ಪಂದ್ಯದ ಅವಧಿ ಹತ್ತು ಹತ್ತು ನಿಮಿಷದ ಎರಡು ಭಾಗ. ಮನುಷ್ಯರದು 90 ನಿಮಿಷ.

ಪ್ರಗತಿ ಇಲ್ಲವೆಂದಲ್ಲ. 2024ರಲ್ಲಿ ಗೂಗಲ್‌ನ ಡೀಪ್‌ಮೈಂಡ್ ತಂಡ ಪುಟ್ಟ ಹುಮನಾಯ್ಡ್‌ಗಳಿಗೆ ಕಂಪ್ಯೂಟರಿನೊಳಗಿನ ಕಲ್ಪಿತ ಅಂಗಣದಲ್ಲಿ ಲೆಕ್ಕವಿಲ್ಲದಷ್ಟು ಸಲ ಆಡಿಸಿ, ಕಲಿತದ್ದನ್ನು ನಿಜವಾದ ರೋಬೋಟ್‌ಗೆ ತುಂಬಿದ ಕೆಲಸವನ್ನು ಪ್ರಕಟಿಸಿತು. ಅವು ಚುರುಕಾಗಿ ತಿರುಗಿದವು, ಬಿದ್ದರೆ ಬೇಗ ಎದ್ದವು. ಆದರೆ ಚೆಂಡು, ಎದುರಾಳಿ ಎಲ್ಲಿದ್ದಾರೆಂದು ತಿಳಿಸಲು ಕೋಣೆಯ ಸುತ್ತ ವಿಶೇಷ ಕ್ಯಾಮೆರಾಗಳಿದ್ದವು. ಆಡುತ್ತಿದ್ದದ್ದು ಒಬ್ಬರಿಗೆ ಒಬ್ಬರು. ಇದಕ್ಕೂ ವಿಶ್ವಕಪ್‌ಗೂ ಬಹಳ ದೂರ. ಜೊತೆಗೆ ಲೋಹದ ಆಟಗಾರ ಮನುಷ್ಯನಿಗೆ ಡಿಕ್ಕಿ ಹೊಡೆದರೆ ಮೂಳೆ ಮುರಿಯದಂತೆ ನೋಡಿಕೊಳ್ಳುವ ಪ್ರಶ್ನೆಯೂ ಇದೆ.

ಫಾರ್ವರ್ಡ್ ಒತ್ತುವ ಮುನ್ನ

ಈಗ ಮೊದಲಿನ ಮೂರನೇ ಸಂದೇಶಕ್ಕೆ ಬರೋಣ, ಹಣ ಕೇಳುವ ಮನವಿ. ಡ್ರೋನ್ ತಯಾರಿಸಿ ವಿದೇಶದಲ್ಲಿ ಪ್ರಶಸ್ತಿ ಗೆದ್ದ ಕತೆಯೊಂದು ಕರ್ನಾಟಕದಲ್ಲಿ ಮನೆಮನೆ ತಲುಪಿ, 2020ರಲ್ಲಿ ಪರಿಶೀಲನೆಗೆ ನಿಲ್ಲದೆ ಹೋದದ್ದು ನಿಮಗೆ ನೆನಪಿರಬಹುದು. ಅದರ ನಷ್ಟ ಆದದ್ದು ನಂಬಿದವರಿಗೆ ಮಾತ್ರವಲ್ಲ. ರಾತ್ರಿಯಿಡೀ ವೈರು ಜೋಡಿಸುವ ನಿಜವಾದ ಮಕ್ಕಳು ನೆರವು ಕೇಳಲು ಹೋದಾಗ "ಇದೂ ಹಾಗೆಯೇ ಇರಬೇಕು" ಎಂಬ ಮಾತು ಎದುರಾದರೆ, ಆ ಸುಳ್ಳಿನ ಬೆಲೆ ತೆರುವವರು ಅವರು.

ಹಾಗಾಗಿ ನಂಬದೇ ಇರುವುದೂ ಪರಿಹಾರವಲ್ಲ, ವಿಚಾರಿಸುವುದು ಪರಿಹಾರ. ಸ್ಪರ್ಧೆಯ ಪೂರ್ತಿ ಹೆಸರು, ವರ್ಷ, ಊರು, ವಿಭಾಗ ಯಾವುದೆಂದು ಕೇಳಿ. ಬರೀ "ಇಂಟರ್‌ನ್ಯಾಷನಲ್ ರೋಬೋಟ್ ಸ್ಪರ್ಧೆ" ಎಂದಿದ್ದರೆ ಸಾಲದು. ರೋಬೋಕಪ್ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ: 2023ರಲ್ಲಿ ಫ್ರಾನ್ಸಿನ ಬೋರ್ಡೋ, 2024ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್, 2025ರಲ್ಲಿ ಬ್ರೆಜಿಲ್‌ನ ಸಾಲ್ವಡಾರ್. ಅರ್ಹತೆ ಪಡೆದ ತಂಡಗಳ ಪಟ್ಟಿ ಆಯಾ ವಿಭಾಗದ ಜಾಲತಾಣದಲ್ಲಿರುತ್ತದೆ. ತಂಡದ ವಿವರಣಾ ಪತ್ರ ತೋರಿಸಿ ಎಂದು ಕೇಳಿದರೆ ನಿಜವಾದ ತಂಡ ಖುಷಿಯಿಂದ ತೋರಿಸುತ್ತದೆ. ಹಣ ಕೊಡುವುದಾದರೆ ಕಾಲೇಜಿನ ಕಚೇರಿಗೆ ಫೋನ್ ಮಾಡಿ, ಸಂಸ್ಥೆಯ ಖಾತೆಗೇ ಕೊಡಿ. ಯಾರದೋ ವೈಯಕ್ತಿಕ ಕ್ಯೂಆರ್ ಕೋಡಿಗೆ ಬೇಡ. "ನಿಮ್ಮ ಮಗು ಆಯ್ಕೆಯಾಗಿದೆ, ಇಂದೇ ಶುಲ್ಕ ಕಟ್ಟಿ" ಎಂಬ ಸಂದೇಶ ಬಂದರೆ, ಅರ್ಜಿಯನ್ನೇ ಹಾಕದೆ ಆಯ್ಕೆ ಹೇಗಾಯಿತು ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ವಿಡಿಯೋ ವಿಷಯದಲ್ಲಿ ಎರಡು ಬಾಣದ ಗುರುತು, ಅಂದರೆ ಹಲವು ಸಲ ಫಾರ್ವರ್ಡ್ ಆದದ್ದು ಎಂಬ ಸೂಚನೆ ಕಂಡರೆ ನಿಲ್ಲಿ. ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಮೂಲ ಎಲ್ಲಿಯದೆಂಬ ಸುಳಿವು ಹೆಚ್ಚಿನ ಸಲ ಸಿಗುತ್ತದೆ. ರೋಬೋಟ್ ಒಮ್ಮೆಯೂ ತಡವರಿಸದಿದ್ದರೆ, ನೆರಳು ನೆಲಕ್ಕೆ ಸರಿಯಾಗಿ ಕೂರದಿದ್ದರೆ, ತಂಡದ ಹೆಸರೇ ಇಲ್ಲದಿದ್ದರೆ ಅನುಮಾನಪಡಿ.

ಮುಂದಿನ ಸಲ ರೋಬೋಟ್ ಮುಗ್ಗರಿಸುವ ವಿಡಿಯೋ ಬಂದರೆ ನಗಿ, ನಗುವಂಥದ್ದೇ. ನಕ್ಕ ಮೇಲೆ, ಅದನ್ನು ಎಬ್ಬಿಸಲು ಓಡಿಬರುವ ಹುಡುಗ ಹುಡುಗಿಯರನ್ನೂ ಸ್ವಲ್ಪ ನೋಡಿ. ಮನೆಯ ಮಗು "ಇದು ಯಾಕೆ ಬಿತ್ತು?" ಎಂದು ಕೇಳಿದರೆ ಈ ಬರಹವನ್ನು ತೋರಿಸಿ. ಉತ್ತರ ಹುಡುಕುತ್ತ ಆ ಮಗು ಮಣಿಪಾಲದ ಬಸ್ಸು ಹತ್ತಿದರೂ ಆಶ್ಚರ್ಯವಿಲ್ಲ.